ಚಿತ್ರಸಂಗೀತದಲ್ಲಿ ಸೂಫಿ ಸ್ವರ: ‘ಸೂಫಿಯುಂ ಸುಜಾತಯುಂ’ ಕುರಿತು ಒಂದು ವಿಮರ್ಶೆ

ಚಲಚ್ಚಿತ್ರದ ಸಂಗೀತವನ್ನು ಗಂಭೀರವಾದ ವಿಮರ್ಶೆಗೆ ಯೋಗ್ಯವಾದ ವಸ್ತುವೆಂದು ಎಣಿಸುವವರು ನಮ್ಮಲ್ಲಿ ವಿರಳ. ಅದು ಕೇವಲ ಮನರಂಜನೆಯ ಸರಕು, ಕೆಲವು ದಿನ ಬಾಳಿ ಮರೆಯಾಗತಕ್ಕದ್ದು ಎಂಬ ಭಾವನೆ ವಿದ್ವಾಂಸರಲ್ಲಿ ಬಲವಾಗಿದೆ. ಆದರೆ ಒಂದು ಸಂಗತಿಯನ್ನು ನಾವು ಅಲಕ್ಷ್ಯ ಮಾಡುವಂತಿಲ್ಲ. ಇಂದಿನ ಜನಸಾಮಾನ್ಯರಲ್ಲಿ ಬಹುಮಂದಿಗೆ ‘ಸೂಫಿ’ ಎಂಬ ಶಬ್ದದ ಪರಿಚಯವಾಗುವುದು ದರ್ಗಾದ ಅಂಗಳದಲ್ಲಲ್ಲ, ತತ್ತ್ವಗ್ರಂಥದಲ್ಲೂ ಅಲ್ಲ, ಚಿತ್ರಗೀತೆಯಲ್ಲಿ. ಶತಮಾನಗಳ ಒಂದು ಸಾಧನಾಮಾರ್ಗವು ಹೀಗೆ ನಾಲ್ಕು ನಿಮಿಷಗಳ ಹಾಡಿನ ಮೂಲಕವೇ ಜನಮನವನ್ನು ಹೊಗುತ್ತಿರುವಾಗ, ಆ ಹಾಡಿನಲ್ಲಿ ಸೂಫಿತನವೆಂಬುದು ಯಾವುದು, ಅದರ ವೇಷ ಮಾತ್ರವಾದದ್ದು ಯಾವುದು ಎಂದು ಬೇರ್ಪಡಿಸಿ ನೋಡುವುದು ವಿಮರ್ಶೆಯ ಕರ್ತವ್ಯವೇ ಆಗಿದೆ.

ಹಿಂದಿ ಚಿತ್ರರಂಗವು ಈ ವಿಷಯದಲ್ಲಿ ಒಂದು ಅಚ್ಚನ್ನು ನಿರ್ಮಿಸಿಕೊಟ್ಟಿದೆ. ಕವ್ವಾಲಿ ಅಲ್ಲಿ ಹಿಂದಿನಿಂದಲೂ ಇದ್ದುದೇ. ಆದರೆ ನುಸ್ರತ್ ಫತೇ ಅಲಿ ಖಾನ್ (1948–1997) ಅವರ ಗಾಯನದ ಪ್ರಭಾವದಿಂದಲೂ, ‘ದಿಲ್ ಸೇ’ (1998), ‘ಜೋಧಾ ಅಕ್ಬರ್’ (2008), ‘ರಾಕ್‌ಸ್ಟಾರ್’ (2011) ಮೊದಲಾದ ಚಿತ್ರಗಳಿಗೆ ಎ. ಆರ್. ರಹಮಾನ್ ಅವರು ಒದಗಿಸಿದ ಸಂಗೀತದಿಂದಲೂ ಅದಕ್ಕೆ ಹೊಸ ಪ್ರತಿಷ್ಠೆ ಬಂದಿತು. ಮೂಲಕರ್ತರ ಕೃತಿಗಳಲ್ಲಿ ಶ್ರದ್ಧೆಯಿದೆ, ಶಕ್ತಿಯೂ ಇದೆ. ಅನುಕರಣ ಮಾಡಿದವರ ಕೈಯಲ್ಲಿ ಮಾತ್ರ ಅದು ಸಿದ್ಧವಾದ ಪಾಕವಾಯಿತು: ಹಾರ್ಮೋನಿಯಂ, ಢೋಲಕ್, ಚಪ್ಪಾಳೆಯ ಮೇಳ, ತಾರಸ್ಥಾಯಿಯಲ್ಲಿ ಒಂದು ಆಲಾಪ, ನಡುನಡುವೆ ‘ಮೌಲಾ’ ಎಂಬ ಕೂಗು. ಇಷ್ಟು ಕೂಡಿದರೆ ಸೂಫಿ ಗೀತೆ ಸಿದ್ಧ. ಈ ಅಚ್ಚು ದಿಲ್ಲಿ ಮತ್ತು ಪಂಜಾಬುಗಳದು. ದಕ್ಷಿಣದ ಒಂದು ಭಾಷೆಯ ಚಿತ್ರಕ್ಕೆ ಸೂಫಿ ಸ್ವರ ಬೇಕಾದಾಗ ಅದನ್ನು ದಿಲ್ಲಿಯಿಂದಲೇ ತರಿಸಬೇಕೆ? ಪ್ರಕೃತ ಲೇಖನದ ಪ್ರಶ್ನೆ ಇದು.

ಇದನ್ನು ವಿಚಾರಮಾಡಲು ‘ಸೂಫಿಯುಂ ಸುಜಾತಯುಂ’ ಎಂಬ ಮಲೆಯಾಳ ಪ್ರಣಯಚಿತ್ರ ಉಚಿತವಾದ ನಿದರ್ಶನ. ನರಣಿಪ್ಪುಳ ಶಾನವಾಸ್ ಅವರು ನಿರ್ದೇಶಿಸಿದ ಈ ಚಿತ್ರವು ಸಾಂಕ್ರಾಮಿಕದಿಂದ ಚಿತ್ರಮಂದಿರಗಳು ಮುಚ್ಚಿದ್ದ ಕಾಲದಲ್ಲಿ, 2020ರ ಜುಲೈ 3ರಂದು, ಅಮೆಜಾನ್ ಪ್ರೈಮ್ ಮೂಲಕ ನೇರವಾಗಿ ಮನೆಗಳಿಗೆ ಬಂದಿತು. ಮಲೆಯಾಳದಲ್ಲಿ ಹಾಗೆ ಬಂದ ಮೊದಲ ದೊಡ್ಡ ಚಿತ್ರ ಇದು. ಗೀತೆಗಳಿಗೂ ಹಿನ್ನೆಲೆಗೂ ಸಂಗೀತ ಒದಗಿಸಿದವರು ಎಂ. ಜಯಚಂದ್ರನ್, ಒಂದು ಗೀತೆ ಮಾತ್ರ ಸುದೀಪ್ ಪಲನಾಡ್ ಅವರದು. 2020ನೆಯ ಸಾಲಿನ ಕೇರಳ ರಾಜ್ಯ ಪ್ರಶಸ್ತಿಗಳಲ್ಲಿ ಗೀತಸಂಗೀತ, ಹಿನ್ನೆಲೆಸಂಗೀತಗಳೆರಡಕ್ಕೂ ಜಯಚಂದ್ರನ್ ಅವರಿಗೂ, ಗಾಯನಕ್ಕಾಗಿ ನಿತ್ಯಾ ಮಾಮ್ಮೆನ್ ಅವರಿಗೂ ಗೌರವ ದೊರೆಯಿತು. ನಿರ್ದೇಶಕರು ಆ ಮನ್ನಣೆಯನ್ನು ಕಾಣಲಿಲ್ಲ. 2020ರ ಡಿಸೆಂಬರಿನಲ್ಲಿಯೇ ಅವರು ತೀರಿಕೊಂಡರು.

ಕಥೆ ಸರಳವಾದುದು. ಸುಜಾತೆ ಹಿಂದೂ ಮನೆತನದ ಕನ್ಯೆ, ನರ್ತಕಿ, ಹುಟ್ಟಿನಿಂದ ಮಾತಿಲ್ಲದವಳು. ಊರಿಗೆ ಬಂದ ಸೂಫಿಯೊಬ್ಬನ ಬಾಂಗಿನ ದನಿ ಅವಳ ಮನಸ್ಸನ್ನು ಸೆಳೆಯುತ್ತದೆ. ಅವರ ಪ್ರೀತಿ ಕೈಗೂಡುವುದಿಲ್ಲ. ಅವಳು ಬೇರೊಬ್ಬನ ಕೈಹಿಡಿದು ಪರದೇಶಕ್ಕೆ ಹೋಗುತ್ತಾಳೆ. ವರ್ಷಗಳ ಮೇಲೆ ಸೂಫಿ ಅದೇ ಮಸೀದಿಗೆ ಮರಳಿ ಬಂದು, ಬಾಂಗು ಕೂಗಿ, ಪ್ರಾರ್ಥನೆಯಲ್ಲಿ ತಲೆಬಾಗಿದವನು ಏಳುವುದಿಲ್ಲ. ಗಂಡನೇ ಅವಳನ್ನು ಆ ಸಮಾಧಿಯ ಬಳಿಗೆ ಕರೆತರುತ್ತಾನೆ. ಸುಜಾತೆಯಾಗಿ ಹೈದರಾಬಾದಿನಲ್ಲಿ ಜನಿಸಿದ ಅದಿತಿ ರಾವ್ ಹೈದರಿ, ಸೂಫಿಯಾಗಿ ದೇವ್ ಮೋಹನ್, ಪತಿಯಾಗಿ ಜಯಸೂರ್ಯ ನಟಿಸಿದ್ದಾರೆ.

ಈ ಕಥೆ ಸಂಗೀತಗಾರನ ಮುಂದಿಡುವ ಸಮಸ್ಯೆ ಸಾಮಾನ್ಯವಾದುದಲ್ಲ. ನಮ್ಮ ಚಿತ್ರಗಳಲ್ಲಿ ನಾಯಕನೂ ನಾಯಿಕೆಯೂ ಯುಗಳಗೀತೆ ಹಾಡುವುದು ರೂಢಿ. ಇಲ್ಲಿ ನಾಯಿಕೆಗೆ ದನಿಯೇ ಇಲ್ಲ. ನಾಯಕನಿಗಿರುವ ದನಿಯು ಅವಳನ್ನು ಕುರಿತದ್ದಲ್ಲ. ದೇವರ ಕಡೆಗೆ ಜನರನ್ನು ಕರೆಯತಕ್ಕದ್ದು. ಆ ಕರೆಯನ್ನು ಸಂಗೀತವೆಂದು ಶಾಸ್ತ್ರಜ್ಞರು ಒಪ್ಪುವುದಿಲ್ಲ. ಅದಕ್ಕೆ ವಾದ್ಯದ ಆಸರೆಯೂ ಇಲ್ಲ. ಆದರೂ ಕೇಳುವ ಹೆಣ್ಣಿಗೆ ಅದೇ ಪ್ರೇಮಗೀತೆ. ದೇವರನ್ನು ಪ್ರಿಯನೆಂದು ಕರೆಯುವುದು ಸೂಫಿ ಕಾವ್ಯದ ಮಾರ್ಗ. ಇಲ್ಲಿ ಪ್ರಿಯನ ದನಿ ಕೇಳಿಬರುವುದೇ ದೇವರ ಕರೆಯಲ್ಲಿ. ಸೂಫಿ ತತ್ತ್ವದ ತಿರುಳು ಕಥೆಯ ಈ ಸನ್ನಿವೇಶದಲ್ಲಿಯೇ ಇದೆ. ಹೊರಗಿನಿಂದ ತಂದು ಹಾಕಬೇಕಾದುದಲ್ಲ.

ಇನ್ನು ‘ವಾತಿಕ್ಕಲು ವೆಳ್ಳರಿಪ್ರಾವು’ ಎಂಬ ಪ್ರಸಿದ್ಧ ಗೀತೆಯನ್ನು ನೋಡಬಹುದು. ಪದಗಳು ಬಿ. ಕೆ. ಹರಿನಾರಾಯಣನ್ ಅವರವು; ಸೂಫಿ ಭಾಗದ ಪದಗಳು ಶಾಫಿ ಕೊಲ್ಲಂ ಅವರವು. ನಿತ್ಯಾ ಮಾಮ್ಮೆನ್ ಅವರೊಡನೆ ಅರ್ಜುನ್ ಕೃಷ್ಣ, ಜಿಯಾ ಉಲ್ ಹಕ್ ಹಾಡಿದ್ದಾರೆ. ಮಾತಿಲ್ಲದವಳ ಪರವಾಗಿ ಹಾಡುವ ದನಿ ಹೇಗಿರಬೇಕು? ಜಯಚಂದ್ರನ್ ಅವರು ಅದಕ್ಕೆ ಹಾಡುಗಾರಿಕೆಯ ಮೆರೆದಾಟವನ್ನು ಕೊಡಲಿಲ್ಲ. ಸ್ವರಗಳ ವ್ಯಾಪ್ತಿ ಹತ್ತಿರಹತ್ತಿರವಾದುದು. ಮನೆಯೊಳಗೆ ಕೆಲಸಮಾಡುತ್ತ ತನ್ನಷ್ಟಕ್ಕೆ ಗುನುಗಿಕೊಳ್ಳುವ ಹೆಣ್ಣಿನ ಮಟ್ಟು. ಬಾಗಿಲಿಗೆ ಬಂದ ಬಿಳಿಯ ಪಾರಿವಾಳ ಅದರ ಮೊದಲ ಚಿತ್ರ. ಮುಂದೆ, ಹನಿಯಾದ ತನ್ನೊಳಕ್ಕೆ ಕಡಲಾದ ಪ್ರಿಯನು ಬಂದನೆಂಬ ಭಾವ ಬರುತ್ತದೆ. ಹನಿ ಕಡಲುಗಳ ಈ ಉಪಮೆ ಪಾರಸಿಯ ಸೂಫಿ ಕವಿಗಳಿಗೂ ಕಬೀರನಿಗೂ ಪ್ರಿಯವಾದುದು. ಹಾಗಿದ್ದೂ ಇಲ್ಲಿ ಅದು ಎರವಲಿನಂತೆ ಕೇಳಿಸದು. ಕಡಲತಡಿಯ ನಾಡಿನ ಭಾಷೆಯಲ್ಲಿ, ಪ್ರಿಯನನ್ನು ನೆನೆಯುವ ಹೆಣ್ಣಿನ ಬಾಯಲ್ಲಿ ಸಹಜವಾಗಿಯೇ ಇದೆ.

ಈ ಸಹಜತೆಗೆ ಹಿನ್ನೆಲೆಯುಂಟು. ಮಲಬಾರಿನ ಮಾಪಿಳ್ಳೆ ಹಾಡುಗಳ ಪರಂಪರೆ ದೀರ್ಘವಾದುದು. ಅಬ್ದುಲ್ ಖಾದರ್ ಜೀಲಾನಿಯವರನ್ನು ಕೊಂಡಾಡುವ ‘ಮುಹಿಯುದ್ದೀನ್ ಮಾಲಾ’ 1607ರಲ್ಲಿ ಅರಬಿ-ಮಲೆಯಾಳದಲ್ಲಿ ರಚಿತವಾಯಿತು. ತಲೆಮಾರುಗಳ ಕಾಲ ಮನೆಮನೆಯಲ್ಲಿ ಹೆಂಗಸರು ಅದನ್ನು ಹಾಡಿದರು. ಮೋಯಿನ್‌ಕುಟ್ಟಿ ವೈದ್ಯರು 1872ರಲ್ಲಿ ಇದೇ ಪರಂಪರೆಯಲ್ಲಿ ಒಂದು ಪ್ರಣಯಕಾವ್ಯವನ್ನು ಬರೆದರು. ಚಿತ್ರರಂಗದಲ್ಲಿ ‘ನೀಲಕ್ಕುಯಿಲ್’ (1954) ಮೂಲಕ ಕೆ. ರಾಘವನ್ ಅವರು ಈ ಮಟ್ಟನ್ನು ತಂದರು, ಕೋಳಿಕ್ಕೋಡಿನ ಎಂ. ಎಸ್. ಬಾಬುರಾಜ್ ಅವರು ಅದಕ್ಕೆ ಹಿಂದೂಸ್ತಾನಿಯ ಲೇಪವನ್ನು ಕೊಟ್ಟರು. ಕರ್ನಾಟಕ ಸಂಗೀತವನ್ನು ಕಲಿತು, ಜಿ. ದೇವರಾಜನ್ ಅವರ ಬಳಿ ಪಳಗಿದ ಜಯಚಂದ್ರನ್ ಅವರಿಗೆ ಇದೆಲ್ಲವೂ ಪಿತ್ರಾರ್ಜಿತ.

ಕನ್ನಡ ವಾಚಕರಿಗೆ ಈ ಮಾತು ದೂರದ್ದೆನಿಸಬೇಕಾಗಿಲ್ಲ. ದಖ್ಖಣದಲ್ಲಿಯೂ ಸೂಫಿ ಹಾಡು ಮನೆಯ ಹೆಂಗಸರ ಹಾಡಾಗಿತ್ತು. ಇತಿಹಾಸಕಾರ ರಿಚರ್ಡ್ ಈಟನ್ ಅವರು ಬಿಜಾಪುರದ ಸೂಫಿಗಳನ್ನು ಕುರಿತು 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ದಖ್ಖನಿ ಭಾಷೆಯ ‘ಚಕ್ಕೀನಾಮಾ’ಗಳನ್ನು ವಿವರಿಸಿದ್ದಾರೆ. ಇವು ಬೀಸುವ ಕಲ್ಲಿನ ಮುಂದೆ ಹಾಡುವ ಪದಗಳು. ಕಲ್ಲಿನ ಗೂಟವೇ ಅಲ್ಲಾಹನನ್ನು ಸೂಚಿಸುವ ‘ಅಲಿಫ್’ ಅಕ್ಷರವೆಂದು ಅಲ್ಲಿ ಹೇಳಿದೆ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಗ್ರಹವನ್ನು ಹೊರತಂದುದೂ ಇದೇ ಬಿಜಾಪುರದ ಸೀಮೆಯಿಂದ. ಒಂದೇ ನೆಲದಲ್ಲಿ, ಒಂದೇ ಕೆಲಸದಲ್ಲಿ, ಎರಡು ಭಾಷೆಯ ಹೆಣ್ಣುಮಕ್ಕಳು ಹಾಡಿಕೊಂಡರು. ಕಲಬುರ್ಗಿಯ ಬಂದೇನವಾಜರು (ಮರಣ 1422) ಸಮಾ ಎಂಬ ಗಾನಸಭೆಯನ್ನು ಆದರಿಸಿದ ಚಿಶ್ತಿ ಮಾರ್ಗದವರು. ಆ ಮನೆತನದವರೆಂದು ಪ್ರತೀತಿಯಿರುವ ಹುಸೇನ್ ಷಾ ವಲಿಯವರು 16ನೆಯ ಶತಮಾನದಲ್ಲಿ ಗೋಲ್ಕೊಂಡೆಗೆ ಬಂದು ಹುಸೇನ್ ಸಾಗರದ ನಿರ್ಮಾಣಕ್ಕೆ ಕಾರಣರಾದರು. ಇಂದು ಕನ್ನಡಿಗರೂ ಮಲೆಯಾಳಿಗಳೂ ಉದ್ಯೋಗಕ್ಕಾಗಿ ಬಂದು ಒಂದೇ ಕಟ್ಟಡದಲ್ಲಿ ವಾಸಿಸುವ ಕೊಂಡಾಪುರಕ್ಕೆ ಅವರ ದರ್ಗಾ ಕೆಲವೇ ಮೈಲಿಗಳ ದೂರ. ಕಲಬುರ್ಗಿಯಿಂದ ಗೋಲ್ಕೊಂಡೆಗೆ ಬಂದ ಈ ಧಾರೆಯ ನೆನಪು ದಖ್ಖಣದ ಹೊಸ ಚಿತ್ರಗೀತೆಗಳಲ್ಲಿ ಕಾಣುವುದು ಅಪೂರ್ವ.

ಈಗ ದೋಷದ ವಿಚಾರ. ಹೆಣ್ಣಿನ ದನಿ ಹನಿ-ಕಡಲಿನ ಮಾತನ್ನು ಹೇಳಿದೊಡನೆ ಗೀತೆಯ ಸೂಫಿತನ ಪೂರ್ಣವಾಯಿತು. ಅನಂತರ ಗಂಡುದನಿಯಲ್ಲಿ ‘ಮೌಲಾ’ ಎಂಬ ಆವರ್ತನ, ಏರುಸ್ವರದ ಆಲಾಪಗಳು ಬರುತ್ತವೆ. ಗಾಯಕರ ಸಾಮರ್ಥ್ಯದಲ್ಲಿ ಕೊರತೆಯಿಲ್ಲ. ಆದರೆ ಮಲೆಯಾಳವು ಹಿಂದೆ ಸರಿದು, ಮೇಲೆ ವರ್ಣಿಸಿದ ಉತ್ತರದ ಅಚ್ಚು ಮುಂದೆ ಬರುತ್ತದೆ. ಆಗಲೇ ಹೇಳಿ ಮುಗಿಸಿದ್ದಕ್ಕೆ ಇದು ಒಂದು ಹೆಸರಿನ ಚೀಟಿಯನ್ನು ಅಂಟಿಸಿದಂತೆ. ಕಾಂತೆಯ ಮಾತು ಮಲೆಯಾಳದ್ದು, ಭಕ್ತಿಯ ಮಾತು ಮಾತ್ರ ದಿಲ್ಲಿಯದು ಎಂಬ ವಿಭಾಗವನ್ನು ಗೀತೆ ಅರಿಯದೆಯೇ ಒಪ್ಪಿಕೊಂಡಂತಾಗಿದೆ. ಕಾಂತೆಯ ಮಾತೇ ಭಕ್ತಿಯ ಮಾತೆಂಬುದಲ್ಲವೇ ಸೂಫಿಗಳ ಸಿದ್ಧಾಂತ?

ಇದಕ್ಕೆ ಪ್ರತಿವಾದವಿಲ್ಲದೆ ಇಲ್ಲ. ಸೂಫಿ ಅಲೆಮಾರಿ, ಹೊರಗಿನಿಂದ ಬಂದವನು, ಅವನ ದನಿ ಅಪರಿಚಿತವಾಗಿರುವುದೇ ನ್ಯಾಯ, ಎರಡು ಮಟ್ಟುಗಳ ಭೇದವು ಎರಡು ಜೀವಗಳ ಭೇದವನ್ನೇ ಸೂಚಿಸುತ್ತದೆ, ಎನ್ನಬಹುದು. ಈ ಸಮಾಧಾನದಲ್ಲಿ ಸತ್ಯಾಂಶವಿದೆ. ಆದರೆ ಚಿತ್ರದ ಬಾಂಗೇ ಇದಕ್ಕೆ ಉತ್ತರ ಕೊಡುತ್ತದೆ. ಬಾಂಗಿನ ಶಬ್ದಗಳು ಅರಬಿಯವು, ಲೋಕಕ್ಕೆಲ್ಲ ಒಂದೇ. ಆದರೂ ಕೂಗುವವನ ಕಂಠದಲ್ಲಿ ಊರಿನ ಗಾಳಿ ಸೇರಿಕೊಳ್ಳುತ್ತದೆ. ಪದ ಪರದೇಶದ್ದಾದರೂ ಸ್ವರ ನೆಲದ್ದಾಗಬಹುದು. ಸುಜಾತೆಯನ್ನು ಸೆಳೆದುದು ಅಂಥ ಸ್ವರ.

ತೌಲನಿಕವಾಗಿ ನಮ್ಮ ‘ಸಂತ ಶಿಶುನಾಳ ಶರೀಫ’ (1990) ಚಿತ್ರವನ್ನು ನೆನೆಯಬೇಕು. ಟಿ. ಎಸ್. ನಾಗಾಭರಣ ಅವರ ಆ ಚಿತ್ರಕ್ಕೆ ಸಂಗೀತ ಸಿ. ಅಶ್ವತ್ಥ್ ಅವರದು. ಶರೀಫರು (1819–1889) ಮುಸಲ್ಮಾನ ಮನೆತನದಲ್ಲಿ ಹುಟ್ಟಿ ಗೋವಿಂದ ಭಟ್ಟರ ಶಿಷ್ಯರಾದವರು. ಮಳೆಗೆ ಸೋರುವ ಮನೆಯಂಥ ದಿನಬಳಕೆಯ ಸಂಗತಿಯಲ್ಲಿ ತತ್ತ್ವವನ್ನು ಕಂಡವರು. ಅಶ್ವತ್ಥ್ ಅವರು ಆ ಪದಗಳಿಗೆ ಕವ್ವಾಲಿಯ ಉಡುಪನ್ನು ತೊಡಿಸಲಿಲ್ಲ. ಧಾರವಾಡದ ನುಡಿಯ ಒತ್ತು, ಜಾನಪದದ ಲಯಗಳಿಂದಲೇ ಅವುಗಳ ಮಟ್ಟನ್ನು ಕಟ್ಟಿದರು. ಒಂದು ಭೇದವನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು: ಅಶ್ವತ್ಥ್ ಅವರಿಗೆ ಪದಗಳು ಸಿದ್ಧವಾಗಿದ್ದವು, ಜನರ ಬಾಯಲ್ಲಿ ಹದವಾಗಿದ್ದವು. ಜಯಚಂದ್ರನ್ ಅವರು ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಯಿತು. ಅದೂ ಸಂತನ ಚರಿತ್ರೆಗಲ್ಲ, ಪ್ರಣಯದ ಕಥೆಗೆ. ಅಷ್ಟರಮಟ್ಟಿಗೆ ಅವರ ಕಾರ್ಯ ಹೆಚ್ಚು ಕಠಿಣವಾದುದು. ಗೀತೆಯ ಪೂರ್ವಾರ್ಧದ ಸಿದ್ಧಿಯೂ ಅದರಿಂದ ಹೆಚ್ಚು ಆದರಣೀಯ.

ಇದು ಕೇವಲ ಒಂದು ಹಾಡಿನ ಗುಣದೋಷದ ಪ್ರಶ್ನೆಯಲ್ಲ. ಸೂಫಿ ಎಂದರೆ ಉರ್ದು, ಉರ್ದು ಎಂದರೆ ಉತ್ತರ ಎಂಬ ಸಮೀಕರಣ ಬೇರೂರಿದರೆ, ಮಲೆಯಾಳ, ಕನ್ನಡ, ದಖ್ಖನಿಗಳಲ್ಲಿ ಬಾಳಿದ ಮುಸಲ್ಮಾನ ಭಕ್ತಿಯು ತನ್ನ ಊರಿನಲ್ಲಿಯೇ ಪರದೇಶಿಯಾಗುತ್ತದೆ. ನೆರೆಯವನ ಪ್ರಾರ್ಥನೆ ನಮ್ಮ ನುಡಿಯಲ್ಲಿಯೂ ಇತ್ತೆಂಬುದು ನಮಗೆ ಮರೆತುಹೋಗುತ್ತದೆ. ‘ಸೂಫಿಯುಂ ಸುಜಾತಯುಂ’ ಸಂಗೀತವು ಈ ಮರೆವನ್ನು ಅರ್ಧ ನೀಗಿದೆ, ಅರ್ಧ ಉಳಿಸಿಕೊಂಡಿದೆ. ಮುಂದೆ ಇಂಥ ಕಾರ್ಯಕ್ಕೆ ಕೈಹಾಕುವ ಸಂಗೀತಗಾರನಿಗೆ ಅದು ತೋರುವ ದಾರಿ ಸ್ಪಷ್ಟವಾದುದು: ದರ್ಗಾದ ಹಾರ್ಮೋನಿಯಮ್ಮಿಗೆ ಮೊದಲು, ಬೀಸುವ ಕಲ್ಲಿನ ಬಳಿಯ ದನಿಯನ್ನು ಅವನು ಕೇಳಿಸಿಕೊಳ್ಳಲಿ.