ತಿರುಪು ಮೊಳೆ ಮತ್ತು ಪ್ರೊಪೆಲರ್: ಒಂದು ಹೋಲಿಕೆಯ ವಿಮರ್ಶೆ

ಮರದ ಹಲಗೆಯೊಳಕ್ಕೆ ತಿರುಪು ಮೊಳೆ ಇಳಿಯುವುದನ್ನು ನೀವೆಲ್ಲ ನೋಡಿದ್ದೀರಿ. ಒಂದು ಸುತ್ತು ತಿರುಗಿಸಿದರೆ ಮೊಳೆಯು ತನ್ನ ಎರಡು ಎಳೆಗಳ ನಡುವಿನ ಅಂತರದಷ್ಟು ಒಳಗೆ ಹೋಗುತ್ತದೆ. ಈ ಅಂತರಕ್ಕೆ ಪಿಚ್ ಎಂದು ಹೆಸರು. ದೋಣಿಯ ಪ್ರೊಪೆಲರನ್ನು ವಿವರಿಸುವಾಗ ಅನೇಕ ಪುಸ್ತಕಗಳು ಮತ್ತು ಕೈಪಿಡಿಗಳು ಈ ಮೊಳೆಯಿಂದಲೇ ಆರಂಭಿಸುತ್ತವೆ. ಪ್ರೊಪೆಲರ್ ಎಂದರೆ ನೀರನ್ನು ಕೊರೆದುಕೊಂಡು ಹೋಗುವ ತಿರುಪು. ನೀರು ಮರದಷ್ಟು ಗಟ್ಟಿಯಲ್ಲವಾದುದರಿಂದ ಅದು ಸ್ವಲ್ಪ ಜಾರುತ್ತದೆ. ಆ ಜಾರಿಕೆಯೇ ನಷ್ಟ. ವಿವರಣೆಯ ಸಾರಾಂಶ ಇಷ್ಟು.

ನಾನೂ ಅನೇಕ ವರ್ಷ ತರಗತಿಯಲ್ಲಿ ಹೀಗೆಯೇ ಹೇಳುತ್ತಿದ್ದೆ. ಒಮ್ಮೆ ಬಿ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ತೋರಿಸಿ, "ಸಾರ್, ಇದೂ ಒಂದು ಪ್ರೊಪೆಲರೇ ಅಲ್ಲವೇ? ಇದು ಒಂದಿಂಚೂ ಮುಂದೆ ಹೋಗುವುದಿಲ್ಲ. ಅಂದರೆ ಜಾರಿಕೆ ನೂರಕ್ಕೆ ನೂರು. ಎಲ್ಲವೂ ನಷ್ಟವಾಗಿದ್ದರೆ ನಮಗೆ ಗಾಳಿ ಎಲ್ಲಿಂದ ಬರುತ್ತಿದೆ?" ಎಂದು ಕೇಳಿದಳು. ಆ ದಿನ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಈ ಲೇಖನವನ್ನು ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರವೆಂದು ತಿಳಿಯಿರಿ. ಪ್ರೊಪೆಲರಿನ ಸಣ್ಣ ಕೊರತೆಯೂ ಎದ್ದು ಕಾಣುವುದು ಅತಿವೇಗದ ಮೋಟಾರು ದೋಣಿಗಳಲ್ಲಿ. ಆದ್ದರಿಂದ ಉದಾಹರಣೆಗಳನ್ನು ಅಲ್ಲಿಂದಲೇ ಆರಿಸಿಕೊಳ್ಳೋಣ.

ಲೆಕ್ಕ ಸರಿ, ಅರ್ಥ ತಪ್ಪು

ಮೊದಲು ಈ ಹೋಲಿಕೆಯ ಒಳ್ಳೆಯ ಅಂಶವನ್ನು ಒಪ್ಪಿಕೊಳ್ಳೋಣ. ಒಂದು ದೋಣಿಯ ಎಂಜಿನು ನಿಮಿಷಕ್ಕೆ 6000 ಸುತ್ತು ತಿರುಗುತ್ತಿದೆ. ಗೇರು ಅದನ್ನು ಅರ್ಧಕ್ಕೆ ಇಳಿಸುತ್ತದೆ. ಪ್ರೊಪೆಲರಿನ ಪಿಚ್ 24 ಇಂಚು ಎನ್ನೋಣ. 24 ಇಂಚು ಎಂದರೆ 0.61 ಮೀಟರ್. ನಿಮಿಷಕ್ಕೆ 3000 ಸುತ್ತು ತಿರುಗುವ ಪ್ರೊಪೆಲರ್ ಜಾರದೆ ಮುಂದೆ ಸಾಗಿದರೆ ದೋಣಿಯ ವೇಗ ಗಂಟೆಗೆ 109.7 ಕಿ.ಮೀ. ಆಗಬೇಕು. ಜಿ.ಪಿ.ಎಸ್. ತೋರಿಸುವ ನಿಜವಾದ ವೇಗ 98.8 ಕಿ.ಮೀ. ಆಗಿದ್ದರೆ ಜಾರಿಕೆ ಶೇ. 10.

ಈ ಸಂಖ್ಯೆ ನಿರುಪಯುಕ್ತವೇನಲ್ಲ. ದಿನವೂ ಶೇ. 10 ಇರುತ್ತಿದ್ದ ಜಾರಿಕೆ ಒಂದು ದಿನ ಶೇ. 20ಕ್ಕೆ ಏರಿದರೆ ಅಲಗು ಬಾಗಿರಬಹುದು, ಕಳೆ ಸುತ್ತಿಕೊಂಡಿರಬಹುದು ಅಥವಾ ಮೇಲ್ಮೈಯಿಂದ ಗಾಳಿ ಸೆಳೆದುಕೊಳ್ಳುತ್ತಿರಬಹುದು. ಜ್ವರಮಾಪಕದಂತೆ ಅದು ಎಚ್ಚರಿಕೆ ಕೊಡುತ್ತದೆ. ಆದರೆ ಜ್ವರಮಾಪಕವನ್ನು ನೋಡಿ ರೋಗಿಯ ತೂಕ ಹೇಳಲು ಹೊರಟರೆ ಹೇಗೆ? ಜಾರಿಕೆ ಶೇ. 10 ಎಂದರೆ ಶಕ್ತಿಯಲ್ಲಿ ಶೇ. 10 ನಷ್ಟ, ಜಾರಿಕೆ ಕಡಿಮೆಯಾದಷ್ಟೂ ಪ್ರೊಪೆಲರ್ ಉತ್ತಮ ಎನ್ನುವುದು ಅಂತಹ ತಪ್ಪು.

ಜಾರಿಕೆ ಎಂಬುದು ಒಂದು ಕೋನ

ನಮ್ಮ ಪ್ರೊಪೆಲರಿನ ವ್ಯಾಸ 14 ಇಂಚು ಎಂದಿರಲಿ. ಕೇಂದ್ರದಿಂದ ತುದಿಯವರೆಗಿನ ದೂರದಲ್ಲಿ ಶೇ. 70ರ ಜಾಗದ ಒಂದು ಬಿಂದುವನ್ನು ಗಮನಿಸಿ. ಒಂದು ಸುತ್ತಿಗೆ ಅದು 0.78 ಮೀಟರ್ ಉದ್ದದ ವೃತ್ತವನ್ನು ಕ್ರಮಿಸುತ್ತದೆ. ಅಲಗನ್ನು 0.61 ಮೀಟರ್ ಪಿಚ್‌ಗೆ ತಕ್ಕಂತೆ ಓರೆಯಾಗಿ ಇಟ್ಟಿರುವುದರಿಂದ ಅದರ ಓರೆ ಸುಮಾರು 38 ಡಿಗ್ರಿ. ಆದರೆ ದೋಣಿ ಒಂದು ಸುತ್ತಿಗೆ ಮುಂದೆ ಸಾಗುವುದು 0.55 ಮೀಟರ್ ಮಾತ್ರ. ಆದ್ದರಿಂದ ಆ ಬಿಂದು ನೀರಿನಲ್ಲಿ ಚಲಿಸುವ ದಾರಿಯ ಓರೆ ಸುಮಾರು 35 ಡಿಗ್ರಿ. ಉಳಿದ 3 ಡಿಗ್ರಿಯೇ ಅಲಗು ನೀರಿಗೆ ಎದುರೊಡ್ಡುವ ಕೋನ. ನಾವು ಶೇ. 10 ಜಾರಿಕೆ ಎಂದು ಕರೆದದ್ದು ಇದನ್ನೇ.

ವಿಮಾನದ ರೆಕ್ಕೆಯನ್ನು ನೆನಪಿಸಿಕೊಳ್ಳಿ. ಗಾಳಿಗೆ ಕೆಲವು ಡಿಗ್ರಿ ಓರೆಯಾಗಿ ಹಿಡಿದಾಗ ಅದಕ್ಕೆ ಎತ್ತುಬಲ ದೊರೆಯುತ್ತದೆ. ಆ ಓರೆಯನ್ನು ಯಾರೂ ನಷ್ಟ ಎನ್ನುವುದಿಲ್ಲ. ಪ್ರೊಪೆಲರಿನ ಅಲಗೂ ವೃತ್ತದಲ್ಲಿ ಓಡುವ ಒಂದು ರೆಕ್ಕೆಯೇ. ಎದುರೊಡ್ಡುವ ಕೋನ ಇಲ್ಲದಿದ್ದರೆ ಚಪ್ಪಟೆ ಅಲಗಿಗೆ ನೂಕುಬಲವೂ ಇಲ್ಲ. ಮರದಲ್ಲಿರುವ ಮೊಳೆ ಜಾರದೆಯೇ ಬಲ ಪ್ರಯೋಗಿಸಬಲ್ಲದು. ನೀರಿನಲ್ಲಿರುವ ಅಲಗು 'ಜಾರಿ'ದಾಗ ಮಾತ್ರ ಬಲ ಪಡೆಯುತ್ತದೆ. ಹೋಲಿಕೆ ಮುರಿದು ಬೀಳುವುದು ಇಲ್ಲಿಯೇ.

ಎರಡು ತುದಿಗಳನ್ನು ಪರೀಕ್ಷಿಸಿ. ದೋಣಿಯನ್ನು ದಡದ ಕಂಬಕ್ಕೆ ಹಗ್ಗದಿಂದ ಕಟ್ಟಿ ಎಂಜಿನನ್ನು ಪೂರ್ತಿ ಓಡಿಸಿ. ಜಾರಿಕೆ ಶೇ. 100. ಹಗ್ಗ ಬಿಗಿಯಾಗಿ ಸೆಟೆದಿದೆ, ನೂಕುಬಲ ಹೇರಳವಾಗಿದೆ. ಆದರೆ ದೋಣಿ ಚಲಿಸದಿರುವುದರಿಂದ ಉಪಯುಕ್ತ ಕೆಲಸ ಸೊನ್ನೆ, ದಕ್ಷತೆಯೂ ಸೊನ್ನೆ. ಈಗ ಇನ್ನೊಂದು ತುದಿ. ಜಾರಿಕೆ ಸೊನ್ನೆಯಾಗುವಂತೆ ದೋಣಿಯನ್ನು ಬೇರೊಂದು ದೋಣಿ ಎಳೆಯುತ್ತಿದೆ ಎನ್ನೋಣ. ಆಗ ನೂಕುಬಲವೇ ಇಲ್ಲ. ದಕ್ಷತೆ ಮತ್ತೆ ಸೊನ್ನೆ. ಎರಡೂ ತುದಿಗಳಲ್ಲಿ ಸೊನ್ನೆಯಾಗಿರುವ ದಕ್ಷತೆಯ ವಕ್ರರೇಖೆಯ ಶಿಖರ ನಡುವೆ ಎಲ್ಲೋ ಇರಲೇಬೇಕು. ಜಾರಿಕೆಯನ್ನು ಸೊನ್ನೆಗೆ ತರಲು ಹೊರಟವನು ಶಿಖರವನ್ನು ದಾಟಿ ಆಚೆ ಕಡೆಗೆ ಇಳಿಯುತ್ತಾನೆ.

ನಿಜವಾದ ನಷ್ಟ ಎಲ್ಲಿದೆ?

ನೀರನ್ನು ಹಿಂದಕ್ಕೆ ತಳ್ಳದೆ ದೋಣಿ ಮುಂದೆ ಹೋಗದು. ಇದು ನ್ಯೂಟನ್ನನ ಮೂರನೆಯ ನಿಯಮ. ತಳ್ಳಲ್ಪಟ್ಟ ನೀರು ಹೊತ್ತೊಯ್ಯುವ ಚಲನಶಕ್ತಿ ಅನಿವಾರ್ಯ ನಷ್ಟ. ಇದರ ಸಿದ್ಧಾಂತವನ್ನು 1865ರಲ್ಲಿ ರಾಂಕಿನ್ ರೂಪಿಸಿದರು. ದೋಣಿಯ ವೇಗ V, ನೀರಿಗೆ ಕೊನೆಯಲ್ಲಿ ದೊರೆಯುವ ಹೆಚ್ಚುವರಿ ವೇಗ w ಆದರೆ ಆದರ್ಶ ದಕ್ಷತೆ V/(V + w/2).

ನಮ್ಮ ದೋಣಿಗೆ ಇದನ್ನು ಅನ್ವಯಿಸೋಣ. ಎಂಜಿನಿನ ಸಾಮರ್ಥ್ಯ 150 ಕಿಲೋವಾಟ್, ನೂಕುಬಲ 3500 ನ್ಯೂಟನ್ ಎಂದಿಟ್ಟುಕೊಳ್ಳಿ. ದೋಣಿಯ ವೇಗ ಸೆಕೆಂಡಿಗೆ 27.4 ಮೀಟರ್. ಪ್ರೊಪೆಲರ್ ಆವರಿಸುವ ವೃತ್ತದ ಕ್ಷೇತ್ರಫಲ ಸುಮಾರು 0.1 ಚದರ ಮೀಟರ್. ಸಂವೇಗದ ಸಮೀಕರಣದಿಂದ w ಸೆಕೆಂಡಿಗೆ ಸುಮಾರು 1.25 ಮೀಟರ್ ಎಂದು ಬರುತ್ತದೆ. ಆದರ್ಶ ದಕ್ಷತೆ ಸುಮಾರು ಶೇ. 98. ಅಂದರೆ ನೀರನ್ನು ಹಿಂದಕ್ಕೆ ತಳ್ಳಿದ್ದರಿಂದ ಆದ ನಷ್ಟ ಕೇವಲ ಶೇ. 2! ಆದರೆ ಉಪಯುಕ್ತ ಕೆಲಸ 96 ಕಿಲೋವಾಟ್ ಮಾತ್ರ. ಒಟ್ಟು ನಷ್ಟ ಶೇ. 36. ಉಳಿದದ್ದು ಹೋದದ್ದು ಅಲಗುಗಳ ಮೈಯ ಘರ್ಷಣೆಗೆ, ನೀರು ಸುಳಿಯಾಗಿ ತಿರುಗುವುದಕ್ಕೆ, ಗೇರುಗಳಿಗೆ. ಶೇ. 10 ಎಂಬ ಜಾರಿಕೆ ಶೇ. 2ಕ್ಕೂ ಹೊಂದುವುದಿಲ್ಲ, ಶೇ. 36ಕ್ಕೂ ಹೊಂದುವುದಿಲ್ಲ. ಅದು ನಷ್ಟದ ಅಳತೆಯೇ ಅಲ್ಲ.

ಈ ಗೊಂದಲದಿಂದ ಕೈಯಲ್ಲಿರುವ ವೇಗವೂ ಹೋಗಬಹುದು. ಮೂರು ಅಲಗಿನ ಪ್ರೊಪೆಲರನ್ನು ತೆಗೆದು ಅದೇ 24 ಇಂಚು ಪಿಚ್‌ನ ನಾಲ್ಕು ಅಲಗಿನದನ್ನು ಹಾಕಿದೆವು ಎನ್ನೋಣ. ಭಾರ ಹೆಚ್ಚಾಗಿ ಎಂಜಿನು 5800 ಸುತ್ತಿಗೆ ಇಳಿಯಿತು, ಜಾರಿಕೆ ಶೇ. 8ಕ್ಕೆ ಇಳಿಯಿತು. ಲೆಕ್ಕ ಮಾಡಿ: ವೇಗ 97.6 ಕಿ.ಮೀ. ಜಾರಿಕೆ ಕಡಿಮೆಯಾಗಿದೆ, ದೋಣಿಯ ವೇಗವೂ ಕಡಿಮೆಯಾಗಿದೆ. ಒಂದು ಅಲಗು ಹೆಚ್ಚಾದಾಗ ಪ್ರತಿಯೊಂದರ ಪಾಲಿನ ಭಾರ ಇಳಿದು ಕೋನ ಚಿಕ್ಕದಾಯಿತು. ಆದರೆ ನೀರಿಗೆ ಉಜ್ಜುವ ಮೈ ಹೆಚ್ಚಾಯಿತು. ಜಾರಿಕೆಯನ್ನೇ ನಂಬಿದವನು ಹೊಸ ಪ್ರೊಪೆಲರನ್ನು ಮೆಚ್ಚಿ ಮನೆಗೆ ಹೋಗುತ್ತಾನೆ.

ಕೆಲವೊಮ್ಮೆ ಜಾರಿಕೆ ಋಣ ಸಂಖ್ಯೆಯಾಗಿ ಬಂದು ಅಚ್ಚರಿ ಹುಟ್ಟಿಸುತ್ತದೆ. ತಿರುಪು ತನ್ನ ಪಿಚ್‌ಗಿಂತ ಹೆಚ್ಚು ಮುಂದೆ ಹೋದೀತೇ? ಇಲ್ಲಿ ಯಾವ ನಿಯಮವೂ ಮುರಿದಿಲ್ಲ. ಅಲಗಿಗೆ ಬಾಗು ಇದ್ದರೆ, ಅಥವಾ ಅದರ ಹಿಂದಿನ ಅಂಚನ್ನು ತುಟಿಯಂತೆ ಮಡಿಸಿದ್ದರೆ, ಕೆತ್ತಿರುವ ಪಿಚ್‌ಗಿಂತ ಕಾರ್ಯತಃ ಪಿಚ್ ಹೆಚ್ಚಾಗಿರುತ್ತದೆ. ತಪ್ಪಿರುವುದು ಹೆಸರು ಫಲಕದ ಸಂಖ್ಯೆಯನ್ನು ನಂಬಿದ ಲೆಕ್ಕದಲ್ಲಿ.

ಇತಿಹಾಸ ಹೇಳುವುದೇನು?

ಇಂಗ್ಲೆಂಡಿನ ಫ್ರಾನ್ಸಿಸ್ ಪೆಟಿಟ್ ಸ್ಮಿತ್ 1836ರಲ್ಲಿ ಪೇಟೆಂಟ್ ಪಡೆದದ್ದು ನಿಜವಾದ ತಿರುಪಿಗೇ. 1837ರಲ್ಲಿ ಲಂಡನ್ನಿನ ಪ್ಯಾಡಿಂಗ್ಟನ್ ಕಾಲುವೆಯಲ್ಲಿ ಅವರ ದೋಣಿ ಓಡುವಾಗ ಎರಡು ಸುತ್ತಿನ ಮರದ ತಿರುಪು ಏನಕ್ಕೋ ತಗುಲಿ ಅರ್ಧ ಮುರಿದುಹೋಯಿತು. ದೋಣಿಯ ವೇಗ ಹೆಚ್ಚಾಯಿತು! ಮರದಲ್ಲಿರುವ ಮೊಳೆಯಂತೆ ಹಿಡಿತವೇ ಮುಖ್ಯವಾಗಿದ್ದರೆ ಉದ್ದನೆಯ ತಿರುಪೇ ಮೇಲಾಗಬೇಕಿತ್ತು. ತಿರುಪಿನ ಹೋಲಿಕೆಯನ್ನು ಅದರ ಹುಟ್ಟಿನ ದಿನಗಳಲ್ಲೇ ನೀರು ತಿರಸ್ಕರಿಸಿತ್ತು.

ಮುಂದಿನ ಪಾಠ ಕಲಿಸಿದ್ದು ಚಾರ್ಲ್ಸ್ ಪಾರ್ಸನ್ಸ್ ಅವರ ಟರ್ಬಿನಿಯಾ. 1894ರಲ್ಲಿ ನೀರಿಗಿಳಿದ ಈ ಹಡಗು ಮೊದಲ ಪರೀಕ್ಷೆಗಳಲ್ಲಿ ನಿರೀಕ್ಷಿತ ವೇಗ ಮುಟ್ಟಲಿಲ್ಲ. ಕಾರಣ ಕ್ಯಾವಿಟೇಷನ್. ಅಲಗಿನ ಬೆನ್ನಿನ ಕಡೆ ಒತ್ತಡ ತೀರ ಇಳಿದಾಗ ನೀರು ತಣ್ಣಗಿದ್ದರೂ ಆವಿಯಾಗಿ ಗುಳ್ಳೆ ಕಟ್ಟುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದಕ್ಕೆ ಒತ್ತಡ 3.2 ಕಿಲೋಪ್ಯಾಸ್ಕಲ್‌ಗೆ ಇಳಿದರೆ ಸಾಕು. ಪಾರ್ಸನ್ಸ್ ಮೂರು ದಂಡಗಳಲ್ಲಿ ತಲಾ ಮೂರರಂತೆ ಒಂಬತ್ತು ಪ್ರೊಪೆಲರ್ ಅಳವಡಿಸಿ ಭಾರವನ್ನು ಹಂಚಿದರು. 1897ರಲ್ಲಿ ಸ್ಪಿಟ್‌ಹೆಡ್‌ನ ನೌಕಾ ಪ್ರದರ್ಶನದ ಹೊತ್ತಿಗೆ ಟರ್ಬಿನಿಯಾ 34 ನಾಟ್, ಅಂದರೆ ಗಂಟೆಗೆ 63 ಕಿ.ಮೀ. ವೇಗ ಸಾಧಿಸಿತ್ತು.

ನಮ್ಮ ಉದಾಹರಣೆಯ ಪ್ರೊಪೆಲರಿನ ತುದಿ ತಿರುಗುವ ವೇಗವೇ ಸೆಕೆಂಡಿಗೆ 56 ಮೀಟರ್. ಈ ವೇಗಕ್ಕೆ ಬರ್ನೂಲಿ ಸಮೀಕರಣದ ಅರ್ಧ ರೋ ವಿ-ವರ್ಗ ಪದದ ಬೆಲೆ ಸುಮಾರು 15 ವಾಯುಭಾರ. ಅದರ ಹದಿನೈದನೆಯ ಒಂದು ಭಾಗದಷ್ಟು ಒತ್ತಡ ಇಳಿದರೂ ಗುಳ್ಳೆ ಕಟ್ಟುತ್ತದೆ. ಇಷ್ಟು ವೇಗದಲ್ಲಿ ಅದನ್ನು ಪೂರ್ತಿ ತಪ್ಪಿಸುವುದು ಕಷ್ಟ. ಆದ್ದರಿಂದ ಸ್ಪರ್ಧೆಯ ದೋಣಿಗಳ ವಿನ್ಯಾಸಕರು ಅಲಗನ್ನು ಅರ್ಧ ನೀರಿನ ಹೊರಗೇ ಓಡಿಸಿದರು. ಬೆನ್ನಿನ ಕಡೆ ಆವಿಗೆ ಬದಲು ಗಾಳಿ ತುಂಬಿಕೊಳ್ಳುತ್ತದೆ. ಗುಳ್ಳೆ ಒಡೆದು ಲೋಹ ಸವೆಯುವುದು ತಪ್ಪುತ್ತದೆ. 1950ರ ಜೂನ್ 26ರಂದು ಅಮೆರಿಕದ ವಾಷಿಂಗ್ಟನ್ ಸರೋವರದಲ್ಲಿ ಸ್ಲೋ-ಮೋ-ಶನ್ 4 ಎಂಬ ದೋಣಿ ಗಂಟೆಗೆ 258 ಕಿ.ಮೀ. ವೇಗದ ವಿಶ್ವದಾಖಲೆ ಮಾಡಿದ್ದು ಇಂತಹ ಅರ್ಧ ಮುಳುಗಿದ ಪ್ರೊಪೆಲರಿನಿಂದ. ಅರ್ಧ ಭಾಗ ಹಲಗೆಯ ಹೊರಗಿರುವ ತಿರುಪು ಮೊಳೆಯನ್ನು ಊಹಿಸಿಕೊಳ್ಳಿ!

ಹೆಸರುಗಳ ಗೊಂದಲವೂ ಇದೆ. ಹೊರಮೋಟಾರುಗಳಲ್ಲಿ ಪ್ರೊಪೆಲರಿನ ಮೇಲಿರುವ ತಟ್ಟೆಯನ್ನು ಕ್ಯಾವಿಟೇಷನ್ ತಡೆ ಎಂದು ಕರೆಯುವುದುಂಟು. ಅದು ತಡೆಯುವುದು ಮೇಲಿನಿಂದ ನುಗ್ಗುವ ಗಾಳಿಯನ್ನು, ಆವಿಗುಳ್ಳೆಯನ್ನಲ್ಲ. ಕಾರಣ ಬೇರೆಯಾದರೆ ಚಿಕಿತ್ಸೆಯೂ ಬೇರೆ. ಗಾಳಿ ನುಗ್ಗುತ್ತಿದ್ದರೆ ಮೋಟಾರನ್ನು ಸ್ವಲ್ಪ ಕೆಳಗಿಳಿಸಬೇಕು. ಅಲಗಿನ ಅಂಚು ಜಜ್ಜಿ ಆವಿಗುಳ್ಳೆ ಏಳುತ್ತಿದ್ದರೆ ಅಂಚನ್ನು ಸರಿಪಡಿಸಬೇಕು.

ಹದಗೊಳಿಸುವ ಬಗೆ

ಹಾಗಾದರೆ ಪ್ರೊಪೆಲರನ್ನು ಹೇಗೆ ಹದಗೊಳಿಸಬೇಕು? ಪೂರ್ತಿ ಓಟದಲ್ಲಿ ಎಂಜಿನು ತಯಾರಕರು ಹೇಳಿದ ಸುತ್ತುಗಳ ಮಿತಿಯೊಳಗೆ ಬರುವಂತೆ ಮೊದಲು ಪಿಚ್ ಆರಿಸಬೇಕು. ಪಿಚ್ ಒಂದು ಇಂಚು ಹೆಚ್ಚಿದರೆ ಎಂಜಿನು 150ರಿಂದ 200 ಸುತ್ತು ಇಳಿಯುತ್ತದೆ ಎಂಬುದು ಬಳಕೆಯಲ್ಲಿರುವ ಅಂದಾಜು. ಎಲ್ಲ ಅಲಗುಗಳ ಪಿಚ್ ಒಂದೇ ಆಗಿದೆಯೇ ಎಂದು ಅಳೆಯಬೇಕು. ಆಮೇಲೆ ಅಂಚಿನ ಮಡಿಕೆ, ಅಲಗಿನ ಹಿಂಬಾಗು, ಮೋಟಾರಿನ ಎತ್ತರ, ಇವುಗಳಲ್ಲಿ ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಬೇಕು. ಅಷ್ಟೇ ಇಂಧನ, ಅಷ್ಟೇ ಜನ. ಗಾಳಿ ಮತ್ತು ಹರಿವಿನ ಪ್ರಭಾವ ಕಳೆಯಲು ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ. ತೀರ್ಪು ಕೊಡಬೇಕಾದದ್ದು ವೇಗ. ಜಾರಿಕೆ ಸಾಕ್ಷಿ ಮಾತ್ರ.

ಡೇವ್ ಗೆರ್ ಅವರ 'ಪ್ರೊಪೆಲರ್ ಹ್ಯಾಂಡ್‌ಬುಕ್' (1989) ಜಾರಿಕೆಯನ್ನು ಆಧರಿಸಿದ ಕ್ರೌಚ್ ವಿಧಾನವನ್ನೂ, ಮಾದರಿ ಪ್ರೊಪೆಲರುಗಳ ಪರೀಕ್ಷೆಗಳಿಂದ ಬಂದ ನಕ್ಷೆಗಳ ವಿಧಾನವನ್ನೂ ಬೇರೆ ಬೇರೆಯಾಗಿ ಕೊಡುತ್ತದೆ. ಮೊದಲನೆಯದು ಸುಲಭ, ಅಂದಾಜಿಗೆ ಸಾಕು. ದಕ್ಷತೆಯನ್ನು ತಿಳಿಯಲು ಎರಡನೆಯದೇ ಬೇಕು. ಸುಲಭವಾದದ್ದನ್ನು ಮಾತ್ರ ಎತ್ತಿಕೊಂಡು ಅದಕ್ಕೇ ದಕ್ಷತೆಯ ಅರ್ಥ ಹಚ್ಚುವುದು ಓದುಗರಾದ ನಮ್ಮ ತಪ್ಪು.

ಶಿಕ್ಷಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ಪಿಚ್ ಎಂದರೇನೆಂದು ಹೇಳಲು ಮೊಳೆಯನ್ನು ಧಾರಾಳವಾಗಿ ಬಳಸಿ; ಪ್ರೊಪೆಲರಿಗೆ ನೂಕುಬಲ ಹೇಗೆ ಬರುತ್ತದೆ ಎಂದು ಹೇಳುವಾಗ ಮೊಳೆಯನ್ನು ಕೆಳಗಿಟ್ಟು ವಿಮಾನದ ರೆಕ್ಕೆಯನ್ನು ಕೈಗೆತ್ತಿಕೊಳ್ಳಿ. ಫ್ಯಾನಿನ ಪ್ರಶ್ನೆಗೂ ಉತ್ತರ ಅಲ್ಲಿಯೇ ಇದೆ. ಫ್ಯಾನು ಮುಂದೆ ಹೋಗುವುದಿಲ್ಲ ನಿಜ. ಅದರ ಕೆಲಸ ಗಾಳಿಯನ್ನು ಚಲಿಸುವಂತೆ ಮಾಡುವುದು, ತಾನು ಚಲಿಸುವುದಲ್ಲ. ದೋಣಿಗೆ ನಷ್ಟವಾದ ಚಲನಶಕ್ತಿಯೇ ನಮಗೆ ತಂಪಿನ ಗಾಳಿ. ನಿಮ್ಮ ತರಗತಿಯಲ್ಲೂ ಈ ಪ್ರಶ್ನೆ ಕೇಳಿ ನೋಡಿ. ಉತ್ತರ ಹೇಳುವ ಮೊದಲು ವಿದ್ಯಾರ್ಥಿಗಳಿಗೆ ಸಾಕಷ್ಟು ಸಮಯ ಕೊಡಿ.