ಕೋಳಿ ಕೂಗುವ ಮುನ್ನ

ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿದ್ದ ಅಜ್ಜಿಯ ಕಥೆಯನ್ನು ನೀವು ಬಾಲ್ಯದಲ್ಲಿ ಕೇಳಿಯೇ ಇರುತ್ತೀರಿ. ಊರವರ ಮೇಲೆ ಮುನಿದು, ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಕಾಡಿಗೆ ಹೊರಟುಹೋದ ಆಕೆ, ಮರುದಿನವೂ ಸೂರ್ಯ ಎಂದಿನಂತೆ ಮೇಲೇರಿದ್ದನ್ನು ಕಂಡು ಪೆಚ್ಚಾದಳೆಂಬುದು ನಮಗೆ ಹೇಳಿಕೊಟ್ಟ ಕಥೆ. ಚಿದಾನಂದ ಎಸ್. ನಾಯ್ಕ್ ಎಂಬ ಯುವ ನಿರ್ದೇಶಕರು 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ' ಎಂಬ ತಮ್ಮ ಹದಿನಾರು ನಿಮಿಷಗಳ ಕನ್ನಡ ಕಿರುಚಿತ್ರದಲ್ಲಿ ಈ ಕಥೆಯನ್ನು ತಲೆಕೆಳಗು ಮಾಡಿದ್ದಾರೆ. ಇಲ್ಲಿ ವೃದ್ಧೆಯೊಬ್ಬಳು ಊರಿನ ಹುಂಜವನ್ನು ಕದಿಯುತ್ತಾಳೆ. ಸೂರ್ಯ ನಿಜವಾಗಿಯೂ ಹುಟ್ಟುವುದಿಲ್ಲ. ಊರು ಕತ್ತಲಲ್ಲಿ ಮುಳುಗುತ್ತದೆ. ಹುಂಜವನ್ನು ಮರಳಿ ತರುವ ಹೊಣೆ ಹೊತ್ತು ಆಕೆಯ ಮನೆಯವರು ಊರು ಬಿಡಬೇಕಾಗುತ್ತದೆ.

ಚಿತ್ರ ಇಡಿಯಾಗಿ ಇರುಳಿನಲ್ಲೇ ನಡೆಯುತ್ತದೆ. ಕತ್ತಲೆ ಇಲ್ಲಿ ಬರಿಯ ಹಿನ್ನೆಲೆಯಲ್ಲ, ಅದೂ ಒಂದು ಪಾತ್ರವೇ. ಅಜ್ಜಿಯ ಹಠವನ್ನು ನಗೆಪಾಟಲಿಗೆ ಈಡುಮಾಡದೆ ಅದಕ್ಕೊಂದು ಗಾಂಭೀರ್ಯವನ್ನು ತಂದುಕೊಟ್ಟಿರುವುದು ನನಗೆ ಬಹಳ ಹಿಡಿಸಿತು. ಮನೆಯವರ ಅಲೆದಾಟಕ್ಕೆ ಇನ್ನಷ್ಟು ಅವಕಾಶ ಬೇಕಿತ್ತು ಎನಿಸಿದ್ದೂ ಉಂಟು. ಹದಿನಾರು ನಿಮಿಷ ಆ ಸಂಕಟಕ್ಕೆ ಸಾಲದು. ಆದರೆ ಈ ಕೊರತೆಯನ್ನು ಎತ್ತಿ ಆಡುವ ಮುನ್ನ ಚಿತ್ರ ಹುಟ್ಟಿದ ಬಗೆಯನ್ನು ನೆನೆಯಬೇಕು. ಇದು ಪುಣೆಯ ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯ ಒಂದು ವರ್ಷದ ಟೆಲಿವಿಷನ್ ಶಿಕ್ಷಣದ ಕೊನೆಯ ಅಭ್ಯಾಸ. ಛಾಯಾಗ್ರಹಣದ ಸೂರಜ್ ಠಾಕೂರ್, ಸಂಕಲನದ ಮನೋಜ್ ವಿ., ಧ್ವನಿಯ ಅಭಿಷೇಕ್ ಕದಂ ಇವರೆಲ್ಲರೂ ನಿರ್ದೇಶಕರಂತೆಯೇ ವಿದ್ಯಾರ್ಥಿಗಳು. ಚಿತ್ರೀಕರಣಕ್ಕೆ ದೊರೆತದ್ದು ನಾಲ್ಕು ದಿನ.

2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ 'ಲಾ ಸಿನೆಫ್' ವಿಭಾಗದಲ್ಲಿ ಇದಕ್ಕೆ ಪ್ರಥಮ ಬಹುಮಾನ ಬಂತು. ಜಗತ್ತಿನ ಚಲನಚಿತ್ರ ಶಾಲೆಗಳಿಂದ ಬಂದಿದ್ದ 2,263 ಚಿತ್ರಗಳಲ್ಲಿ ಆಯ್ಕೆಯಾದವು 18. ಆ ಹದಿನೆಂಟರಲ್ಲಿ ಮೊದಲನೆಯದು ನಮ್ಮ ಅಜ್ಜಿಯ ಹುಂಜ. ಇದನ್ನು ಪ್ರತಿಭೆಗೆ ಸಂದ ಜಯವೆಂದು ಎಲ್ಲರೂ ಕೊಂಡಾಡಿದರು. ನನ್ನ ತಕರಾರೇನೂ ಇಲ್ಲ. ಆದರೆ ಸುದ್ದಿಯ ತುದಿಯಲ್ಲಿ ಒಂದು ಸಾಲು ಇರುತ್ತಿತ್ತು: ಚಿದಾನಂದ ಅವರು ಪುಣೆಗೆ ಹೋಗುವ ಮುನ್ನ ಮೈಸೂರಿನಲ್ಲಿ ವೈದ್ಯಕೀಯ ಪದವಿ ಪಡೆದವರು. ಈ ಸಾಲನ್ನು ಓದಿದಾಗ ನಿಮ್ಮ ಮನಸ್ಸಿನಲ್ಲಿ ಏನು ಮೂಡಿತೆಂಬುದನ್ನು ಸ್ವಲ್ಪ ನೆನಪಿಸಿಕೊಳ್ಳಿ. ನನಗಂತೂ ಒಂದು ಬಗೆಯ ನೆಮ್ಮದಿಯಾಯಿತು. 'ಪರವಾಗಿಲ್ಲ, ಸಿನಿಮಾ ಕೈಕೊಟ್ಟರೂ ಹುಡುಗನಿಗೆ ಸ್ಟೆತೊಸ್ಕೋಪು ಇದೆ' ಎಂಬ ನೆಮ್ಮದಿ. ಆಮೇಲೆ ಆ ನೆಮ್ಮದಿಯ ಬಗ್ಗೆಯೇ ನನಗೆ ನಾಚಿಕೆಯಾಯಿತು.

ಏಕೆಂದರೆ ನಮ್ಮ ಮನೆಗಳಲ್ಲಿ ನಾವು ಮಕ್ಕಳೊಡನೆ ಮಾಡಿಕೊಳ್ಳುವ ಒಪ್ಪಂದವೇ ಇದು. ಮೊದಲು ಪದವಿ, ಅನಂತರ ಕಲೆ. ತಪ್ಪೆಂದು ಸುಲಭವಾಗಿ ಹೇಳಲಾರೆ. ಆದರೆ ಈ ಒಪ್ಪಂದವನ್ನು ಪೂರೈಸಬಲ್ಲ ಮನೆಗಳೆಷ್ಟು? ಮೊದಲ ಪದವಿಗೆ ಹಣ ಹೊಂದಿಸಿ, ಅದರ ಮೇಲೆ ಎರಡನೆಯ ಕಲಿಕೆಗೂ ಕಾಯಬಲ್ಲ ಮನೆಯಿಂದಷ್ಟೇ ಕಲಾವಿದರು ಬರುವುದಾದರೆ, ನಾಳೆ ತೆರೆಯ ಮೇಲೆ ಬರುವ ಕಥೆಗಳೂ ಅಂಥ ಮನೆಗಳವೇ ಆಗುತ್ತವೆ.

ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಆಕೆಯದು ಹೊಲಿಗೆಯ ಕೆಲಸ. ಗಂಡ ಆಟೋ ಓಡಿಸುತ್ತಾರೆ. ಮಗ ಬೆಂಗಳೂರಿನಲ್ಲಿ ವಿಡಿಯೋ ಸಂಕಲನ ಕಲಿತು ಒಂದು ಸಂಸ್ಥೆಗೆ ಸೇರಿದ್ದ. 'ಕಲಿಯುವ ಕಾಲ' ಎಂದು ಹೇಳಿ ಐದು ತಿಂಗಳು ಸಂಬಳವಿಲ್ಲದೆ ದುಡಿಸಿಕೊಂಡರು. ಅವನು ರಾತ್ರಿಯಿಡೀ ಕುಳಿತು ಕತ್ತರಿಸಿ ಜೋಡಿಸಿದ ಕಾರ್ಯಕ್ರಮ ಪ್ರಸಾರವಾದಾಗ ಮನೆಯವರೆಲ್ಲ ಟಿ.ವಿ.ಯ ಮುಂದೆ ಕುಳಿತು ಹೆಸರಿಗಾಗಿ ಕಾದರಂತೆ. ಹೆಸರು ಬರಲಿಲ್ಲ. "ಅವನಿಗೆ ಯೋಗ್ಯತೆ ಇದೆಯೋ ಇಲ್ಲವೋ ನೀವಾದರೂ ನೋಡಿ ಹೇಳಿ" ಎಂದರು ಆ ತಾಯಿ. ಅವನ ಕೆಲಸವನ್ನು ನೋಡಿದೆ. ಯೋಗ್ಯತೆ ಇತ್ತು. ಆದರೆ ಅವರ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ.

ಗಮನಿಸಿ, ಈ ರಂಗದ ಬಾಗಿಲನ್ನು ಯಾರೂ ಮುಖಕ್ಕೆ ಹೊಡೆದಂತೆ ಮುಚ್ಚುವುದಿಲ್ಲ. 'ನಾಳೆ ಬಾ' ಎನ್ನುತ್ತಾರೆ. ಬ್ಯಾಂಕಿನ ಹುದ್ದೆಗೆ ಪ್ರಕಟಣೆಯುಂಟು, ಪರೀಕ್ಷೆಯುಂಟು, ಫಲಿತಾಂಶವುಂಟು. ಸೋತವನಿಗೆ ತಾನು ಸೋತೆನೆಂದಾದರೂ ತಿಳಿಯುತ್ತದೆ. ಸಹಾಯಕ ನಿರ್ದೇಶಕನ ಕೆಲಸಕ್ಕೆ ಪ್ರಕಟಣೆ ಬರುವುದು ಅಪರೂಪ. ಯಾರೋ ಯಾರಿಗೋ ಹೇಳಿ, ಇನ್ನಾರದೋ ಮೂಲಕ ದೊರೆಯುವಂಥದ್ದು ಅದು. ಆ 'ಯಾರೋ' ಪರಿಚಯವಾಗುವವರೆಗೆ ರಾಜಧಾನಿಯಲ್ಲಿ ಬಾಡಿಗೆ ಕಟ್ಟಿಕೊಂಡು ಬದುಕಿರಬೇಕು. ಹಣವಿದ್ದವನ ಕಾಯುವಿಕೆಗೆ 'ತಪಸ್ಸು' ಎಂದು ಹೆಸರು. ಹಣವಿಲ್ಲದವನು ಎಂಟನೆಯ ತಿಂಗಳಿಗೆ ಊರಿಗೆ ಮರಳಿದರೆ 'ಅವನಿಗೆ ಅಷ್ಟು ಆಸಕ್ತಿ ಇರಲಿಲ್ಲ' ಎನ್ನುತ್ತೇವೆ.

ಹಿಂದೆಯೂ ಹೀಗೆಯೇ ಇತ್ತೆನ್ನುವವರಿಗೆ ಒಂದು ಮಾತು. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ವಿ.ಕೆ. ಮೂರ್ತಿಯವರು ಛಾಯಾಗ್ರಹಣ ಕಲಿತದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. 1946ರಲ್ಲಿ ಅಲ್ಲಿಂದ ಡಿಪ್ಲೊಮಾ ಪಡೆದು ಮುಂಬಯಿಗೆ ಹೋದರು. ಫಲಿ ಮಿಸ್ತ್ರಿಯವರ ಕೈಕೆಳಗೆ ಸಹಾಯಕರಾದರು. ಗುರುದತ್ತರ ಕಣ್ಣಿಗೆ ಬಿದ್ದರು. 1959ರ 'ಕಾಗಜ್ ಕೆ ಫೂಲ್' ಚಿತ್ರದ ಬೆಳಕಿನ ಕಿರಣವನ್ನು ಕಂಡವರು ಮರೆಯಲಾರರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಸಂದಿತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕರು ಅವರು. ಗೋವಿಂದ ನಿಹಲಾನಿಯವರೂ ಅದೇ ಪಾಲಿಟೆಕ್ನಿಕ್‌ನವರು. ಸಿನಿಮಾದಲ್ಲಿ ಯಾವ ನಂಟೂ ಇಲ್ಲದ ಹುಡುಗನೊಬ್ಬ ಸರ್ಕಾರಿ ಕಾಲೇಜಿನ ಮೆಟ್ಟಿಲು ಹತ್ತಿ ಕ್ಯಾಮೆರಾವನ್ನು ಮುಟ್ಟಬಹುದಾಗಿತ್ತು ಎಂಬುದೇ ಇಲ್ಲಿನ ವಿಶೇಷ. ಅದರ ಪರಂಪರೆಯನ್ನು ಮುಂದುವರಿಸಿದ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಸಂಸ್ಥೆಯ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಪೋಷಕರು ಕೇಳಿದ್ದಾರೆ?

ಕಾಯುವಿಕೆಗೆ ಅನ್ನ ಹಾಕಿದ ಇನ್ನೊಂದು ಉದಾಹರಣೆ ನಾಟಕರಂಗದ್ದು. ಸಾಗರದ ಬಳಿಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1980ರಲ್ಲಿ ನೀನಾಸಮ್ ರಂಗಶಿಕ್ಷಣ ಕೇಂದ್ರವನ್ನು ಆರಂಭಿಸಿದರು. ಅಡಿಕೆ ತೋಟಗಳ ನಡುವಿನ ಹಳ್ಳಿಯಲ್ಲಿ ಶೇಕ್ಸ್‌ಪಿಯರ್‌ನಿಂದ ಕಾಳಿದಾಸನವರೆಗೆ ಪಾಠ! ಆದರೆ ಅವರ ದೂರದೃಷ್ಟಿ ನನಗೆ ಹೆಚ್ಚು ಕಾಣುವುದು 1985ರಲ್ಲಿ ಮೊದಲಾದ 'ತಿರುಗಾಟ'ದಲ್ಲಿ. ಕಲಿತ ಹುಡುಗ ಹುಡುಗಿಯರು ಮುಂದೇನು ಮಾಡಬೇಕೆಂಬ ಪ್ರಶ್ನೆಗೆ, ಊರೂರು ಸುತ್ತುವ ಒಂದು ತಂಡವೇ ಉತ್ತರವಾಯಿತು. ಊಟ, ವಸತಿ, ಸಂಬಳ, ದಿನವೂ ಬಣ್ಣ ಹಚ್ಚುವ ಅವಕಾಶ. ಕಲಿಸುವ ಶಾಲೆಗಳು ಬೇಕಾದಷ್ಟಿವೆ, ಶುಲ್ಕಕ್ಕೂ ಮಿತಿಯಿಲ್ಲ. ಕಲಿತ ಮರುವರ್ಷ ಉಳಿಸಿಕೊಳ್ಳುವ ಏರ್ಪಾಡು ಮಾತ್ರ ವಿರಳ.

ಸಿನಿಮಾದಲ್ಲಿ ಇಂಥ ಏರ್ಪಾಡು ಇಲ್ಲದಿರುವುದರಿಂದ ಎಲ್ಲವೂ ವ್ಯಕ್ತಿಗಳ ಔದಾರ್ಯವನ್ನು ನೆಚ್ಚಿಕೊಂಡಿದೆ. ನಟೇಶ್ ಹೆಗಡೆಯವರ 'ಪೆದ್ರೊ' 2021ರಲ್ಲಿ ಬುಸಾನ್ ಚಿತ್ರೋತ್ಸವವನ್ನು ಕಂಡಿತು. ಜೈಶಂಕರ್ ಆರ್ಯರ್ ಅವರ 'ಶಿವಮ್ಮ' ಮರುವರ್ಷ ಅದೇ ಉತ್ಸವದಲ್ಲಿ ಪ್ರಶಸ್ತಿಯನ್ನೇ ಗೆದ್ದಿತು. ಎರಡಕ್ಕೂ ಹಣ ಹೂಡಿದವರು ರಿಷಬ್ ಶೆಟ್ಟಿ. ಅವರ ಬಗ್ಗೆ ಗೌರವವಿದೆ. ಆದರೆ ದೊಡ್ಡ ನಟರೊಬ್ಬರ ಒಳ್ಳೆಯ ಮನಸ್ಸು ವ್ಯವಸ್ಥೆಯಾಗದು. 'ಪೆದ್ರೊ' ಚಿತ್ರದ ಮುಖ್ಯಪಾತ್ರದಲ್ಲಿ ನಿರ್ದೇಶಕರ ತಂದೆ ಗೋಪಾಲ ಹೆಗಡೆಯವರೇ ನಟಿಸಿದ್ದಾರೆ. ಮಗನ ಕಲೆಗೆ ತಂದೆ ಒತ್ತಾಸೆಯಾಗಿ ನಿಂತರೆಂದು ನಾವು ಹೇಳುವುದು ಸಾಮಾನ್ಯವಾಗಿ ಹಣದ ಅರ್ಥದಲ್ಲಿ. ಈ ತಂದೆ ಮಳೆಯಲ್ಲಿ, ಕೆಸರಿನಲ್ಲಿ, ಕ್ಯಾಮೆರಾದ ಎದುರಿಗೆ ನಿಂತರು.

ಹೆಣ್ಣುಮಕ್ಕಳ ವಿಷಯದಲ್ಲಿ ಹೆತ್ತವರ ಅಂಜಿಕೆಗೆ ಬೇರೆಯೇ ಕಾರಣವಿದೆ, ಅದು ಹುಸಿಯೂ ಅಲ್ಲ. ಮಲಯಾಳ ಚಿತ್ರರಂಗವನ್ನು ಕುರಿತ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ ಕೇರಳ ಸರ್ಕಾರದ ಕೈಸೇರಿದ್ದು 2019ರಲ್ಲಿ. ಜನರ ಕೈಗೆ ಬಂದದ್ದು 2024ರ ಆಗಸ್ಟ್‌ನಲ್ಲಿ. ಲೈಂಗಿಕ ಕಿರುಕುಳದ ಜೊತೆಗೆ ಶೌಚಾಲಯವಿಲ್ಲದ, ಬರಹದ ಕರಾರಿಲ್ಲದ ದುಡಿಮೆಯ ವಿವರಗಳೂ ಅದರಲ್ಲಿದ್ದವು. ಆ ಬಳಿಕ ಕನ್ನಡದ ಕಲಾವಿದರೂ ಇಲ್ಲಿಗೊಂದು ಸಮಿತಿ ಬೇಕೆಂದು ಸರ್ಕಾರವನ್ನು ಕೇಳಿದರು. ಅದೇ ವರ್ಷ ನಮ್ಮ ವಿಧಾನಮಂಡಲ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆ ಮಸೂದೆಯೊಂದನ್ನು ಅಂಗೀಕರಿಸಿತು. ಟಿಕೆಟ್ಟಿನ ಮೇಲೆ ಶೇಕಡ 1ರಿಂದ 2ರವರೆಗೆ ಉಪಕರ ವಿಧಿಸಿ ನಿಧಿ ಕೂಡಿಸುವ ಯೋಜನೆ ಅದರದು. ರಂಗದೊಳಗೆ ಕಾಲಿಟ್ಟವರಿಗೆ ಅದು ಆಸರೆಯಾದೀತು. ಹೊಸ್ತಿಲಲ್ಲಿ ಹೆಸರಿಲ್ಲದೆ ನಿಂತವರನ್ನು ಕಾರ್ಯಕರ್ತರೆಂದು ಯಾರು ಎಣಿಸುತ್ತಾರೆ?

ನಮ್ಮ ಗುಡಿಗಳ ಗಾನವೃಂದವನ್ನೇ ನೋಡಿ. ಶುಲ್ಕವಿಲ್ಲದೆ, ಶಿಫಾರಸಿಲ್ಲದೆ ಮಗುವೊಂದು ಮೈಕಿನ ಮುಂದೆ ನಿಲ್ಲುವ, ಕೀಬೋರ್ಡಿನ ಮೇಲೆ ಬೆರಳಿಡುವ ಜಾಗ ಅದು. ಕ್ರಿಸ್‌ಮಸ್ ನಾಟಕಕ್ಕೆ ಬೆಳಕು ಹೊಂದಿಸಿದ ಹುಡುಗನಿಗೆ ಚಪ್ಪಾಳೆ ತಟ್ಟುವ ನಾವೇ, ಹತ್ತನೆಯ ತರಗತಿಯ ಬಳಿಕ ಅವನು ಅದನ್ನೇ ಕಲಿಯುತ್ತೇನೆಂದರೆ ಬೆಚ್ಚಿಬೀಳುತ್ತೇವೆ. ಸಂಕಲನದ ಆ ಹುಡುಗನೂ ಅಂಥ ನಾಟಕಕ್ಕೆ ವಿಡಿಯೋ ಮಾಡಿಯೇ ಈ ದಾರಿ ಹಿಡಿದವನು.

ಅವನ ತಾಯಿಗೆ ನಾನು ಹೆಸರಘಟ್ಟದ ವಿಷಯ ಹೇಳಿದೆ, ಹೆಗ್ಗೋಡಿನ ವಿಷಯ ಹೇಳಿದೆ. ಮುಂದೆ ಎಲ್ಲಿ ಸೇರಿದರೂ ಸಂಬಳ, ಅವಧಿ, ಹೆಸರು ಈ ಮೂರನ್ನೂ ಬರಹದಲ್ಲಿ ಪಡೆಯದೆ ಕೆಲಸಕ್ಕೆ ಕೂರಬಾರದೆಂದು ಮಗನಿಗೆ ತಿಳಿಸಲು ಹೇಳಿದೆ. ಆಕೆ ಎಲ್ಲವನ್ನೂ ಕೇಳಿಸಿಕೊಂಡು, ತಾವೂ ಗಂಡನೂ ಕುಳಿತು ಲೆಕ್ಕ ಹಾಕಿರುವುದಾಗಿ ಹೇಳಿದರು. ಇನ್ನು ಹದಿನೆಂಟು ತಿಂಗಳು ಅವನ ಬಾಡಿಗೆ ಕಟ್ಟಬಲ್ಲರಂತೆ. ಅನಂತರ ಮಗಳ ನರ್ಸಿಂಗ್ ಕಾಲೇಜಿನ ಶುಲ್ಕ ಬರುತ್ತದೆ.

ಹುಂಜದ ಚಿತ್ರವನ್ನು ಆ ಹುಡುಗ ನೋಡಿದ್ದಾನೆ. ಬಹುಮಾನದ ಮಾತೆತ್ತಲಿಲ್ಲ, ವೈದ್ಯ ಪದವಿಯ ಮಾತೂ ಆಡಲಿಲ್ಲ. "ನಾಲ್ಕೇ ದಿನ, ಅದೂ ರಾತ್ರಿ ಹೊತ್ತು. ಅಷ್ಟು ಕತ್ತಲಲ್ಲಿ ಮುಖಕ್ಕೆ ಬೆಳಕು ಎಲ್ಲಿಂದ ತಂದರು ಸಾರ್?" ಎಂದು ಕೇಳಿದ.