ಭಾಗವತರು ಕೇಳಬೇಕು, ದೂತ ಹೇಳಬೇಕು

ಬೆಂಗಳೂರಿನ ರಾಜಕೀಯ ವಿಡಂಬನೆ ಷೋಗಳಿಗೆ ಈಗ ಒಂದು ಅಚ್ಚು ಬಂದುಬಿಟ್ಟಿದೆ. ಮೊದಲು ಒಬ್ಬ ಕಾಮಿಡಿಯನ್ ಬಂದು ಪೆಟ್ರೋಲ್ ರೇಟು, ಟ್ರಾಫಿಕ್ಕು, ಮಂತ್ರಿಗಳ ಇಂಗ್ಲಿಷು ಅಂತ ಅರ್ಧ ಗಂಟೆ ನಗಿಸ್ತಾನೆ. ಆಮೇಲೆ ಜನಪದ ಬ್ಯಾಂಡು. ಗಿಟಾರು, ಡ್ರಮ್ಸು, ನಡುವೆ ಒಂದು ತಮಟೆಯೋ ಡೊಳ್ಳೋ, ಹಾಡುವವನ ಹೆಗಲ ಮೇಲೊಂದು ಕಂಬಳಿ. ಎರಡು ಹಾಡಿಗೆ ಜನ ಎದ್ದು ಕುಣಿಯುತ್ತಾರೆ. ಮತ್ತೆ ಇನ್ನೊಬ್ಬ ಕಾಮಿಡಿಯನ್. ಜೋಕಿಗೂ ಹಾಡಿಗೂ ಮಾತುಕತೆಯೇ ಇಲ್ಲ. ಒಂದೇ ಫ್ಲೋರಿನಲ್ಲಿ ಕೂತು ಬೇರೆ ಬೇರೆ ಕ್ಲೈಂಟಿಗೆ ದುಡಿಯುವ ಎರಡು ಟೀಮುಗಳ ಹಾಗೆ.

ಬ್ಯಾಂಡಿನವರು ಚೆನ್ನಾಗಿ ನುಡಿಸೋದಿಲ್ಲ ಅನ್ನೋದು ನನ್ನ ತಕರಾರಲ್ಲ. ಅವರನ್ನು ಕರೆಸಿದ್ದು ಯಾಕೆ ಅನ್ನೋದು. ಅಲ್ಲಿ ತಮಟೆ ಇರುವುದು ವಿಡಂಬನೆಗೆ ಅದು ಬೇಕು ಅಂತಲ್ಲ, ‘ಮಣ್ಣಿನ ವಾಸನೆ’ ಬರಲಿ ಅಂತ. ಊಟದೆಲೆಯ ತುದಿಯ ಉಪ್ಪಿನಕಾಯಿಗಾದರೂ ಒಂದು ಕೆಲಸ ಇರುತ್ತದೆ.

ಕೋಟೇಶ್ವರದ ಕಡೆಯವರಿಗೆ ಇದು ಎದ್ದು ಕಾಣಲು ಕಾರಣ ಇದೆ. ಕೊಡಿ ಹಬ್ಬಕ್ಕೆ ತೇರು ಎಳೆದು, ಹೊಸದಾಗಿ ಮದುವೆಯಾದ ಜೋಡಿಗಳು ಕಬ್ಬಿನ ಕೊಡಿ ಹಿಡಿದು ಮನೆಗೆ ಹೋಗುವ ಹೊತ್ತಿಗೆ ಸುತ್ತಲಿನ ಮೇಳಗಳೆಲ್ಲ ತಿರುಗಾಟ ಹೊರಟಿರುತ್ತವೆ: ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸಾಲಿಗ್ರಾಮ, ಪೆರ್ಡೂರು. ಬಡಗುತಿಟ್ಟಿನ ಯಕ್ಷಗಾನದಲ್ಲಿ ಹಾಸ್ಯಗಾರನೂ ಹಿಮ್ಮೇಳವೂ ಒಂದೇ ಯಂತ್ರದ ಎರಡು ಚಕ್ರ. ಹಾಸ್ಯಗಾರ ಚಾರಕನಾಗಿಯೋ, ‘ಚಂದ್ರಾವಳಿ ವಿಲಾಸ’ದ ಚಂದಗೋಪನಾಗಿಯೋ, ನಳನ ಕಥೆಯ ಬಾಹುಕನಾಗಿಯೋ ಬರ್ತಾನೆ. ಬಂದವನು ನೇರ ಪ್ರೇಕ್ಷಕರ ಹತ್ತಿರ ಮಾತಾಡುವುದು ಕಡಿಮೆ, ಭಾಗವತರ ಹತ್ತಿರ ಮಾತಾಡ್ತಾನೆ. ನಾವು ಕದ್ದು ಕೇಳಿಸಿಕೊಳ್ಳುವವರು.

ಅರಸ ಕಳಿಸಿದ ದೂತ ತಡವಾಗಿ ಬಂದ ಅಂದುಕೊಳ್ಳಿ. ಭಾಗವತರು ಗಂಭೀರವಾಗಿ ಕೇಳ್ತಾರೆ: “ಬೆಳಿಗ್ಗೆ ಹೊರಟವನಲ್ಲವೇ ನೀನು? ಇಷ್ಟು ಹೊತ್ತು ಎಲ್ಲಿದ್ದೆ?”

“ರಸ್ತಿ ಮೇಲ್ ಬಂದದ್ದ್ ಮಾರಾಯ್ರೆ, ಅದ್ಕೇ ತಡ ಆಯ್ತ್.”

“ರಸ್ತೆಯಲ್ಲಿ ಹೊಂಡಗಳಿವೆಯೇ?”

“ಇಲ್ಲ. ಹೊಂಡದ್ ಮಧ್ಯ ಅಲ್ಲಲ್ ರಸ್ತಿ ಇತ್ತ್.”

ಚೆಂಡೆಯ ಮೇಲೆ ಒಂದು ಪೆಟ್ಟು. ಹೆದ್ದಾರಿ 66ರ ಕೆಲಸವನ್ನೂ, ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ವರ್ಷಗಟ್ಟಲೆ ಅರ್ಧಕ್ಕೆ ನಿಂತಿದ್ದ ಫ್ಲೈಓವರನ್ನೂ ಕಂಡ ಜನರಿಗೆ ಮುಂದೆ ವಿವರಿಸಬೇಕಾಗಿಲ್ಲ. ಈ ಜೋಕು ನಾನೇ ಕಟ್ಟಿದ್ದು, ಹಾಸ್ಯಗಾರರು ಇದಕ್ಕಿಂತ ಹತ್ತು ಪಾಲು ಚೆನ್ನಾಗಿ ಹೇಳ್ತಾರೆ. ನೋಡಬೇಕಾದದ್ದು ಅದರ ಕಟ್ಟೋಣವನ್ನು. ಅರಸ, ಮಂತ್ರಿ, ಋಷಿ ಎಲ್ಲರೂ ಗ್ರಾಂಥಿಕ ಕನ್ನಡ ಆಡುವ ರಂಗದ ಮೇಲೆ ಇವನೊಬ್ಬ ಕುಂದಗನ್ನಡ ಆಡ್ತಾನೆ. ಅಧಿಕಾರದ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು. ನಡುವೆ ಭಾಗವತರು. ಅವರು ಆಟದ ಯಜಮಾನಿಕೆಯ ದನಿ. ಅಂಥವರೇ ಪ್ರಶ್ನೆ ಕೇಳಿ ದೂತನ ಬಾಯಿ ಬಿಡಿಸುವುದರಿಂದ ಉತ್ತರಕ್ಕೆ ತೂಕ ಬರ್ತದೆ. ಚೆಂಡೆಯವರು ಅರ್ಧ ಕ್ಷಣ ಬೇಗ ಹೊಡೆದರೆ ಜೋಕು ಸತ್ತಿತು. ಹಾಗಾಗಿ ಅವರೂ ಮಾತು ಕೇಳಿಸಿಕೊಳ್ಳುತ್ತಾ ಕೂತಿರಬೇಕು. ನಗರದ ಷೋಗಳಲ್ಲಿ ಕಾಮಿಡಿಯನ್ ಮಾತಾಡುವಾಗ ಬ್ಯಾಂಡಿನವರು ಗ್ರೀನ್ ರೂಮಿನಲ್ಲಿ ಕಾಫಿ ಕುಡಿಯುತ್ತಿರುತ್ತಾರೆ.

ಹಾಡೇ ವಿಡಂಬನೆ ಆದ ಉದಾಹರಣೆ ನಗರದಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಬೆಂಗಳೂರಿನದೇ ಸ್ವರಾತ್ಮ ಬ್ಯಾಂಡು 2012ರಲ್ಲಿ ‘ಟೋಪಿವಾಲೆ’ ಆಲ್ಬಂ ತಂದಿತು. ಹಾಡು ಹಿಂದಿಯದ್ದಾದರೂ ಟೋಪಿ ಹಾಕುವುದು ಅಂದರೆ ಏನು ಅಂತ ಕನ್ನಡದವರಿಗೆ ಹೇಳಿಕೊಡಬೇಕಿಲ್ಲ. ವಾಸು ದೀಕ್ಷಿತ್ ಕೀಲುಕುದುರೆ ಕಟ್ಟಿಕೊಂಡು ಕುಣಿಯುವುದರಲ್ಲಿ ಜಾತ್ರೆಯ ಖುಷಿ ನಿಜವಾಗಿಯೂ ಇತ್ತು. ಆದರೂ ಆ ಹಾಡಿನ ಬಗ್ಗೆ ನನಗೊಂದು ಅಸಮಾಧಾನ. ಟೋಪಿ ಹಾಕಿದವರೆಲ್ಲ ಒಂದೇ ಅಂದಾಗ ಯಾರಿಗೂ ನೋವಾಗುವುದಿಲ್ಲ. ಅದರ ಹಿಂದಿನ ವರ್ಷವಷ್ಟೇ ಅಣ್ಣಾ ಹಜಾರೆ ಚಳವಳಿಯಲ್ಲಿ ನಮ್ಮಂಥವರ ತಲೆಯ ಮೇಲೂ ಟೋಪಿ ಇತ್ತು. ಹಾಡು ಆ ಕಡೆ ಒಮ್ಮೆ ತಿರುಗಿದ್ದರೆ ಕೇಳುಗರು ಕುಣಿಯುವುದನ್ನು ನಿಲ್ಲಿಸಿ ತಲೆ ಮುಟ್ಟಿ ನೋಡಿಕೊಳ್ಳುತ್ತಿದ್ದರೇನೋ.

ಹೆಚ್ಚು ಚುಚ್ಚುವುದು ‘ಐಸೀ ತೈಸೀ ಡೆಮಾಕ್ರಸಿ’. ಇಂಡಿಯನ್ ಓಷನ್ ಬ್ಯಾಂಡಿನ ರಾಹುಲ್ ರಾಮ್, ಜೊತೆಗೆ ವರುಣ್ ಗ್ರೋವರ್ ಮತ್ತು ಸಂಜಯ್ ರಾಜೌರಾ. ರಾಹುಲ್ ರಾಮ್ ನರ್ಮದಾ ಬಚಾವೋ ಆಂದೋಲನದಲ್ಲಿ ಇದ್ದವರು. ಅವರ ಬ್ಯಾಂಡು ಹಾಡುವ ‘ಮಾ ರೇವಾ’ ಆ ನದಿಕಣಿವೆಯ ಜನರ ಹಾಡು. ತಮಾಷೆ ಏನೆಂದರೆ, ವಿಡಂಬನೆಗೆ ಕೂತಾಗ ಅವರು ಜನಪದ ಧಾಟಿ ಬಿಟ್ಟು ಸಿನಿಮಾ ಧಾಟಿಗೂ ಕೈ ಹಾಕ್ತಾರೆ. 1968ರ ‘ಪಡೋಸನ್’ ಸಿನಿಮಾದ ಎದುರು ಕಿಟಕಿಯ ಹಾಡು ಇವರ ಕೈಯಲ್ಲಿ ಭಾರತ-ಪಾಕಿಸ್ತಾನ ಗಡಿಯ ಹಾಡಾಗ್ತದೆ. ಹಳೆಯ ಸಾಲು ಕೇಳುಗನ ತಲೆಯಲ್ಲಿ ಓಡುತ್ತಿರುವಾಗಲೇ ಹೊಸ ಸಾಲು ಅದರ ಮೇಲೆ ಬಂದು ಕೂರ್ತದೆ, ಎರಡರ ನಡುವಿನ ಸಂದಿಯಲ್ಲಿ ನಗು ಹುಟ್ತದೆ. ಪರಿಚಿತ ಪದವನ್ನು ಹಾಸ್ಯಗಾರ ಬೇಕೆಂದೇ ಸೊಟ್ಟಗೆ ಹಾಡುವುದೂ ಇದೇ ಲೆಕ್ಕ. ಈ ಮೂವರಿಗೆ ಕಂಬಳಿ ಬೇಕಾಗಲಿಲ್ಲ.

ಹಾಗಂತ ನಮ್ಮೂರಿನ ಆಟವನ್ನು ಅಟ್ಟಕ್ಕೇರಿಸಲು ಮನಸ್ಸು ಒಪ್ಪುವುದಿಲ್ಲ. ಇತ್ತೀಚಿನ ಎಷ್ಟೋ ಆಟಗಳಲ್ಲಿ ರಾಜಕೀಯ ಹಾಸ್ಯ ಅಂದರೆ ದಿಲ್ಲಿಯ ನಾಯಕರ ಅಡ್ಡಹೆಸರು. ವಾಟ್ಸಾಪಿನಲ್ಲಿ ಬೆಳಿಗ್ಗೆ ಬಂದದ್ದು ರಾತ್ರಿ ರಂಗದ ಮೇಲೆ. ಸೇರಿದವರಲ್ಲಿ ಹೆಚ್ಚಿನವರು ಯಾವ ಪಕ್ಷದ ಕಡೆ ಅಂತ ಅಂದಾಜು ಮಾಡಿ, ಇನ್ನೊಂದು ಪಕ್ಷದವನ ಮೇಲೆ ಕಲ್ಲು. ಚಪ್ಪಾಳೆ ಗ್ಯಾರಂಟಿ, ಧೈರ್ಯದ ಖರ್ಚು ಸೊನ್ನೆ. ದೂತನಿಗೆ ಇರುವ ಸಲಿಗೆ ತನ್ನ ಅರಸನನ್ನು ಗೇಲಿ ಮಾಡಲು ಕೊಟ್ಟದ್ದು, ಪಕ್ಕದ ರಾಜ್ಯದ ಅರಸನನ್ನಲ್ಲ. ಹರಕೆ ಆಟದಲ್ಲಿ ಆಡಿಸಿದವರು ಮುಂದಿನ ಸಾಲಿನಲ್ಲೇ ಕೂತಿರ್ತಾರೆ, ಪಕ್ಕದಲ್ಲಿ ಊರಿನ ದೊಡ್ಡವರು. ಅವರ ಗದ್ದೆ ಸೈಟಾದದ್ದು, ಅವರ ಟಿಪ್ಪರ್ ಓಡಿ ಊರ ರಸ್ತೆ ಕಿತ್ತದ್ದು ದೂತನ ಬಾಯಲ್ಲಿ ಬಂದರೆ ಅದು ವಿಡಂಬನೆ.

ಆದರೆ ತಪ್ಪನ್ನೆಲ್ಲ ಹಾಸ್ಯಗಾರನ ತಲೆಗೆ ಕಟ್ಟುವುದೂ ಸರಿಯಲ್ಲ. ಮೊದಲು ಬಯಲಲ್ಲಿ ಆಡಿದ ಮಾತು ಬೆಳಗಾಗುವುದರೊಳಗೆ ಬಯಲಲ್ಲೇ ಕರಗುತ್ತಿತ್ತು. ಈಗ ಮುಂದಿನ ಸಾಲಿನಲ್ಲಿ ಹತ್ತು ಮೊಬೈಲು. ಭಾಗವತರ ಪ್ರಶ್ನೆಯನ್ನು ಕತ್ತರಿಸಿ, ಉತ್ತರವನ್ನು ಮಾತ್ರ ಮೂವತ್ತು ಸೆಕೆಂಡಿನ ಕ್ಲಿಪ್ ಮಾಡಿ ಹರಿಬಿಡ್ತಾರೆ. ಪ್ರಶ್ನೆ ಹೋದ ಮೇಲೆ ಉತ್ತರ ಬರೀ ಬೈಗುಳವಾಗಿ ಕಾಣ್ತದೆ. ಬೈಸಿಕೊಳ್ಳುವವನು ಕಲಾವಿದ, ಮರುದಿನ ಇನ್ನೊಂದು ಊರಿನಲ್ಲಿ ಗೆಜ್ಜೆ ಕಟ್ಟಬೇಕಾದವನು. ಕಾಲಮಿತಿ ಆಟಗಳಲ್ಲಿ ಮೊದಲು ಕತ್ತರಿ ಬೀಳುವುದೂ ಈ ಸಂಭಾಷಣೆಗೇ. ಹೊತ್ತಾಯಿತು ಅಂತ ಭಾಗವತರು ಪ್ರಶ್ನೆ ನುಂಗಿ ಮುಂದಿನ ಪದ ಎತ್ತಿಕೊಳ್ತಾರೆ. ಹಾಸ್ಯಗಾರ ಒಬ್ಬನೇ ಮೈಕಿನ ಮುಂದೆ ಉಳೀತಾನೆ, ಬೆಂಗಳೂರಿನ ಕಾಮಿಡಿಯನ್ ಹಾಗೆಯೇ.

ಮಳೆಗಾಲದಲ್ಲಿ ಊರಿನ ತಿರುಗಾಟ ನಿಂತಾಗ ಬಡಗಿನ ಕಲಾವಿದರು ಬೆಂಗಳೂರಿಗೆ ಬರ್ತಾರೆ, ರವೀಂದ್ರ ಕಲಾಕ್ಷೇತ್ರದಲ್ಲಿ ಆಟ ಇರ್ತದೆ. ವಿಡಂಬನೆ ಷೋ ಕಟ್ಟುವವರು, ಅದಕ್ಕೆ ಬ್ಯಾಂಡು ಹುಡುಕುವವರು ಒಮ್ಮೆ ಟಿಕೆಟ್ ತಗೊಂಡು ಕೂತು ನೋಡಿ. ದೂತ ಬಂದಾಗ ಎಲ್ಲರೂ ಅವನನ್ನೇ ನೋಡ್ತಿರ್ತಾರೆ. ನೀವು ಹಿಂದೆ ಕೂತ ಭಾಗವತರ ಮುಖವನ್ನೂ ಚೆಂಡೆಯವರ ಕೈಯನ್ನೂ ನೋಡಿ.